ಹೆರಿಗೆಯ ನಂತರ ಹೊಟ್ಟೆಯ ಸ್ನಾಯು ಬಿಟ್ಟುಕೊಂಡಿದೆಯಾ? ನೋಡಿಕೊಳ್ಳುವುದು ಹೇಗೆ, ವ್ಯಾಯಾಮ ಶುರು ಮಾಡುವುದು ಹೇಗೆ

ಅಂಗಾತ ಮಲಗಿದ್ದವರು ನೇರವಾಗಿ ಎದ್ದು ಕೂರಲು ಹೋದಾಗ ಹೊಟ್ಟೆಯ ನಡುವೆ, ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನವರೆಗೆ, ಉದ್ದಕ್ಕೆ ಒಂದು ದಿಬ್ಬ ಎದ್ದು ಕಾಣುತ್ತದೆಯಾ? ಬೆಳಿಗ್ಗೆ ಸುಮಾರಾಗಿ ಸರಿ ಇದ್ದ ಹೊಟ್ಟೆ ಸಂಜೆ ಹೊತ್ತಿಗೆ ಮತ್ತೆ ಐದು ತಿಂಗಳ ಬಸುರಿಯ ಹಾಗೆ ಮುಂದೆ ಬರುತ್ತದೆಯಾ? ತೂಕ ಇಳಿದಿದ್ದರೂ ಹಳೇ ಚೂಡಿದಾರ್ ಹೊಟ್ಟೆಯ ಹತ್ತಿರ ಮಾತ್ರ ಹಿಡಿಯುತ್ತದೆಯಾ? ಹಾಗಿದ್ದರೆ ಅದು ಬರೀ ಕೊಬ್ಬು ಇರಲಿಕ್ಕಿಲ್ಲ. ಹೊಟ್ಟೆಯ ಸ್ನಾಯುಗಳ ನಡುವೆ ಜಾಗ ಬಿಟ್ಟಿರಬಹುದು. ಡಾಕ್ಟರುಗಳು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ.

ಹೊಟ್ಟೆಯ ಮುಂದೆ, ಪಕ್ಕೆಲುಬಿನಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ, ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ನಾಯು ಇರುತ್ತದೆ. ಎರಡನ್ನೂ ಮಧ್ಯದಲ್ಲಿ ಹಿಡಿದಿಟ್ಟಿರುವುದು ಲೀನಿಯಾ ಆಲ್ಬಾ ಎಂಬ ಗಟ್ಟಿ ನಾರಿನ ಪಟ್ಟಿ. ಮಗು ಬೆಳೆದ ಹಾಗೆ ಈ ಪಟ್ಟಿ ಅಗಲವಾಗುತ್ತದೆ, ತೆಳುವಾಗುತ್ತದೆ. ಬಸುರಿಯ ಹಾರ್ಮೋನುಗಳೂ ಅದನ್ನು ಸ್ವಲ್ಪ ಸಡಿಲ ಮಾಡುತ್ತವೆ. ಇಲ್ಲಿ ಏನೂ ಹರಿದಿರುವುದಿಲ್ಲ, ಹಿಗ್ಗಿರುತ್ತದೆ ಅಷ್ಟೇ.

ನಿಮ್ಮೊಬ್ಬರಿಗೇ ಹೀಗಾಗಿದೆ ಅಂದುಕೊಂಡಿದ್ದರೆ ಕೇಳಿ. ನಾರ್ವೆಯಲ್ಲಿ ಚೊಚ್ಚಲ ಬಸುರಿಯರಾದ 300 ಹೆಂಗಸರನ್ನು ಹೆರಿಗೆಯಾಗಿ ಒಂದು ವರ್ಷವಾಗುವವರೆಗೂ ಪರೀಕ್ಷೆ ಮಾಡುತ್ತಾ ಹೋದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೆರಿಗೆಯಾದ ಆರು ವಾರಕ್ಕೆ ಶೇ. 60ರಷ್ಟು ಮಂದಿಗೆ ಈ ಅಂತರ ಇತ್ತು, ಆರು ತಿಂಗಳಿಗೆ ಶೇ. 45, ವರ್ಷ ತುಂಬಿದಾಗಲೂ ಮೂವರಲ್ಲಿ ಒಬ್ಬರಿಗೆ ಇತ್ತು. ಇನ್ನೊಂದು ವಿಷಯ ಅದೇ ಅಧ್ಯಯನದಲ್ಲಿದೆ, ಅದನ್ನು ರೀಲ್ಸ್ ಮಾಡುವವರು ಹೇಳುವುದಿಲ್ಲ: ಅಂತರ ಇದ್ದವರಿಗೆ ಇಲ್ಲದವರಿಗಿಂತ ಸೊಂಟನೋವು ಜಾಸ್ತಿ ಏನೂ ಇರಲಿಲ್ಲ. ಹಾಗಾಗಿ ನಿಮ್ಮ ಬೆನ್ನುನೋವಿಗೆಲ್ಲ ಇದೇ ಕಾರಣ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿ ಏಳು ದಿನದ ಕೋರ್ಸ್ ಮಾರಲು ಬಂದರೆ ಸ್ವಲ್ಪ ತಡೆಯಿರಿ.

ಮೊದಲು ನೋಡಿಕೊಳ್ಳಿ

ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ನೋಡಿಕೊಂಡರೆ ಸಾಕು. ಅದಕ್ಕಿಂತ ಮುಂಚೆ ಎಲ್ಲರದೂ ಸಡಿಲವಾಗಿಯೇ ಇರುತ್ತದೆ, ಸುಮ್ನೆ ಗಾಬರಿ. ಸಿಸೇರಿಯನ್ ಆದವರು ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರ್ ಹೇಳುವವರೆಗೆ ಕಾಯಿರಿ.

ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಹೊಟ್ಟೆ ಸಡಿಲ ಬಿಡಿ. ಒಂದು ಕೈಯ ಬೆರಳುಗಳನ್ನು ಒತ್ತೊತ್ತಾಗಿ ಸೇರಿಸಿ, ತುದಿಗಳು ಪಾದದ ಕಡೆ ಇರುವಂತೆ, ಹೊಕ್ಕುಳಿನ ಸ್ವಲ್ಪ ಮೇಲೆ ಮಧ್ಯದಲ್ಲಿ ಮೆಲ್ಲಗೆ ಒತ್ತಿ. ಈಗ ಉಸಿರು ಬಿಡುತ್ತಾ ತಲೆ ಎತ್ತಿ, ಗಲ್ಲ ಎದೆಯ ಕಡೆ ಬರಲಿ. ಭುಜ ಸ್ವಲ್ಪ ಎದ್ದರೆ ಸಾಕು, ಪೂರ್ತಿ ಏಳುವ ಅಗತ್ಯವಿಲ್ಲ. ಎರಡೂ ಕಡೆಯ ಸ್ನಾಯುಗಳು ಗಟ್ಟಿಯಾಗಿ ಬೆರಳಿನ ಅಕ್ಕಪಕ್ಕ ಅಂಚು ಕಟ್ಟಿದ ಹಾಗೆ ಸಿಗುತ್ತವೆ. ಆ ಎರಡು ಅಂಚುಗಳ ಮಧ್ಯೆ ಎಷ್ಟು ಬೆರಳು ಹಿಡಿಯುತ್ತವೆ ನೋಡಿ. ಇದನ್ನೇ ಹೊಕ್ಕುಳಿನ ಮೇಲೆ ಎರಡು ಇಂಚು ದೂರದಲ್ಲಿ, ಹೊಕ್ಕುಳಿನ ನೇರಕ್ಕೆ, ಹೊಕ್ಕುಳಿನ ಕೆಳಗೆ ಎರಡು ಇಂಚಿನಲ್ಲಿ, ಹೀಗೆ ಮೂರು ಕಡೆ ಮಾಡಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಸಾಮಾನ್ಯವಾಗಿ ಎರಡು ಬೆರಳು ಅಥವಾ ಜಾಸ್ತಿ ಹಿಡಿದರೆ ಅಂತರ ಇದೆ ಎಂದು ಲೆಕ್ಕ. ಆದರೆ ಮಕ್ಕಳೇ ಆಗದ ಹೆಂಗಸರಲ್ಲೂ ಹೊಕ್ಕುಳಿನ ಮೇಲ್ಭಾಗದಲ್ಲಿ ಸುಮಾರು 2 ಸೆಂಟಿಮೀಟರ್‌ವರೆಗೆ ಅಂತರ ಇರುವುದು ಸಹಜ. ಅಂದರೆ ಸೊನ್ನೆ ಬೆರಳು ಯಾರ ಗುರಿಯೂ ಅಲ್ಲ.

ಅಗಲಕ್ಕಿಂತ ಮುಖ್ಯವಾದ ಇನ್ನೊಂದನ್ನು ಜನ ನೋಡುವುದೇ ಇಲ್ಲ: ಬೆರಳಿನ ಕೆಳಗಿನ ಬಿಗಿ. ತಲೆ ಎತ್ತಿದಾಗ ಬೆರಳ ಅಡಿಯ ಜಾಗ ಬಿಗಿಯಾಗಿ ಬೆರಳನ್ನು ತಡೆಯುತ್ತದೆಯೋ, ಇಲ್ಲ ಬೆರಳು ಮೆತ್ತಗೆ ಒಳಗೆ ಇಳಿದುಬಿಡುತ್ತದೆಯೋ? ಎರಡೂವರೆ ಬೆರಳು ಅಗಲ ಇದ್ದು ಬಿಗಿಯಾಗಿರುವ ಹೊಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡೇ ಬೆರಳು ಇದ್ದು ಕೆಳಗೆ ಏನೂ ತಡೆ ಸಿಗದಿದ್ದರೆ ಅದಕ್ಕೆ ಜಾಸ್ತಿ ಕೆಲಸ ಬೇಕು. ಅಲ್ಟ್ರಾಸೌಂಡ್ ಇಟ್ಟು ನೋಡಿದ ಒಂದು ಅಧ್ಯಯನದಲ್ಲಿ, ಒಳಗಿನ ಆಳದ ಸ್ನಾಯುವನ್ನು ಮೊದಲು ಬಿಗಿ ಮಾಡಿಕೊಂಡು ತಲೆ ಎತ್ತಿದಾಗ ಅಂತರ ಅಷ್ಟೇನೂ ಕಿರಿದಾಗಲಿಲ್ಲ, ಆದರೆ ನಡುವಿನ ಪಟ್ಟಿ ಸುಕ್ಕಾಗಿ ಉಬ್ಬುವುದು ಕಡಿಮೆಯಾಯಿತು. ಫಿಸಿಯೋಥೆರಪಿ ಮಾಡುವುದು ಇದಕ್ಕಾಗಿಯೇ. ಹೊಟ್ಟೆ ಭಾರ ಹೊರುವ ಹಾಗಾಗಬೇಕು. ಬೆರಳಿನ ಲೆಕ್ಕ ಆಮೇಲಿನದು.

ಇವು ಇದ್ದರೆ ವ್ಯಾಯಾಮಕ್ಕಿಂತ ಮೊದಲು ಡಾಕ್ಟರ್

ಹೊಕ್ಕುಳಿನ ಹತ್ತಿರ ಸಣ್ಣ ಗಡ್ಡೆಯ ಹಾಗೆ ಉಬ್ಬಿ, ಮಲಗಿದಾಗಲೂ ಒಳಗೆ ಹೋಗದಿದ್ದರೆ ಅದು ಹರ್ನಿಯಾ ಇರಬಹುದು. ಅದು ಗಟ್ಟಿಯಾಗಿ ನೋಯತೊಡಗಿ ವಾಂತಿಯೂ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಜ್ವರ, ಹೊಲಿಗೆಯಿಂದ ಕೀವು, ಪ್ಯಾಡ್ ತೊಯ್ದುಹೋಗುವಷ್ಟು ರಕ್ತಸ್ರಾವ, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಇವೂ ಹಾಗೇ.

ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು, ಕೆಳಗೆ ಏನೋ ಜಗ್ಗಿದ ಹಾಗೆ ಅಥವಾ ಜಾರಿ ಬಂದ ಹಾಗೆ ಅನ್ನಿಸುವುದು ಬೇರೆ ವಿಷಯ. ಎಮರ್ಜೆನ್ಸಿ ಅಲ್ಲ, ಆದರೆ ಮನೆಯಲ್ಲಿ ನೋಡಿ ನೋಡಿ ಮಾಡುವ ವ್ಯಾಯಾಮ ಸಾಲುವುದಿಲ್ಲ. ಪರೀಕ್ಷೆ ಮಾಡಿಸಿಕೊಳ್ಳಿ. "ಮಕ್ಕಳಾದ ಮೇಲೆ ಎಲ್ಲರಿಗೂ ಇದ್ದಿದ್ದೇ ಬಿಡು" ಎಂದು ಅತ್ತೆ ಹೇಳಬಹುದು, ಅವರ ಅಮ್ಮನೂ ಅವರಿಗೆ ಹಾಗೇ ಹೇಳಿರಬಹುದು. ಇದಕ್ಕೆ ಚಿಕಿತ್ಸೆ ಇದೆ.

ಬಾಣಂತನದ ಆರು ವಾರ

ಈ ಸಮಯದಲ್ಲಿ ವ್ಯಾಯಾಮ ಅಂತ ಇರುವುದು ಕಡಿಮೆ, ಅಭ್ಯಾಸ ಬದಲಿಸಿಕೊಳ್ಳುವುದೇ ಜಾಸ್ತಿ.

ಹಾಸಿಗೆಯಿಂದ ಏಳುವುದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ರಾತ್ರಿಯಿಡೀ ಮಗುವಿಗೆ ಹಾಲು ಕೊಡಲು, ಬಟ್ಟೆ ಬದಲಿಸಲು ಏಳುತ್ತಲೇ ಇರುತ್ತೀರಿ. ನೇರವಾಗಿ ಏಳಬೇಡಿ. ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೆ ಬರುವ ಹಾಗೆ ಮಗ್ಗುಲಿಗೆ ಹೊರಳಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಉಸಿರು ಬಿಡುತ್ತಾ ಕೈ ಊರಿ ಎದ್ದು ಕೂರಿ. ಮಲಗುವಾಗಲೂ ಹೀಗೇ, ಆದರೆ ಹಿಂದುಮುಂದಾಗಿ.

ಹೊಟ್ಟೆ ಕಟ್ಟುವ ವಿಷಯಕ್ಕೆ ಬರೋಣ, ಮನೆಯಲ್ಲಿ ಜಗಳ ಆಗುವುದು ಇಲ್ಲೇ ಅಲ್ವಾ. ಹಳೇ ಹತ್ತಿ ಸೀರೆಯನ್ನೋ ಪಂಚೆಯನ್ನೋ ಸುತ್ತಿ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದು ತಪ್ಪೂ ಅಲ್ಲ, ಮದ್ದೂ ಅಲ್ಲ. ಹದವಾಗಿ ಕಟ್ಟಿದರೆ ಓಡಾಡುವಾಗ ಆಸರೆ ಸಿಕ್ಕ ಹಾಗಿರುತ್ತದೆ, ಸಿಸೇರಿಯನ್ ಆದವರಿಗೆ ಕೆಮ್ಮುವಾಗ ಧೈರ್ಯ ಬರುತ್ತದೆ. ಆದರೆ ಉಸಿರು ಕಟ್ಟುವಷ್ಟು ಬಿಗಿದರೆ ಹೊಟ್ಟೆಯೊಳಗಿನ ಒತ್ತಡ ಎಲ್ಲಿಗೆ ಹೋಗಬೇಕು? ಕೆಳಕ್ಕೆ, ಈಗಷ್ಟೇ ಹೆರಿಗೆಯ ಪೆಟ್ಟು ತಿಂದಿರುವ ಪೆಲ್ವಿಕ್ ಫ್ಲೋರ್ ಮೇಲೆ, ಅಂದರೆ ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಮೇಲೆ. ಬಟ್ಟೆಯ ಒಳಗೆ ನಾಲ್ಕು ಬೆರಳು ಆರಾಮಾಗಿ ಹೋಗಬೇಕು, ಊಟ ಮಾಡುವಾಗ ಮಲಗುವಾಗ ಬಿಚ್ಚಬೇಕು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆನ್‌ಲೈನಿನಲ್ಲಿ ಸಿಗುವ ಬೆಲ್ಟ್‌ಗೂ ಇದೇ ಮಾತು. ಕಟ್ಟಿಕೊಂಡ ಮಾತ್ರಕ್ಕೆ ಸ್ನಾಯು ಗಟ್ಟಿಯಾಗುವುದಿಲ್ಲ.

ಎಣ್ಣೆ ಹಚ್ಚಿಸಿಕೊಳ್ಳುವುದು, ಬಿಸಿನೀರು ಹಾಕಿಸಿಕೊಳ್ಳುವುದು ಹಿತವಾಗಿದ್ದರೆ ಮಾಡಿಸಿಕೊಳ್ಳಿ. ಹೊಟ್ಟೆ ಇಳಿಯಲಿ ಎಂದು ಗಟ್ಟಿಯಾಗಿ ಒತ್ತಿ ಉಜ್ಜುವುದು, ಸುಡುನೀರನ್ನು ಹೊಟ್ಟೆಗೆ ರಭಸವಾಗಿ ಎರಚುವುದು ಬೇಡ. ಹೊಲಿಗೆ ಇದ್ದವರಿಗಂತೂ ಬೇಡವೇ ಬೇಡ.

ಇನ್ನು ಮಲಬದ್ಧತೆ. ಬಾಣಂತಿ ನೀರು ಕುಡಿಯಬಾರದು, ತರಕಾರಿ ತಿನ್ನಬಾರದು ಎಂಬ ಪಥ್ಯ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಅದರ ಮೇಲೆ ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣದ ಮಾತ್ರೆ. ಎರಡೂ ಸೇರಿದರೆ ಹೊಟ್ಟೆ ಕಟ್ಟುತ್ತದೆ, ದಿನಾ ಮುಕ್ಕಿ ಮುಕ್ಕಿ ಹೋಗಬೇಕಾಗುತ್ತದೆ, ಆ ಒತ್ತಡವೆಲ್ಲ ಹೊಟ್ಟೆಯ ನಡುವಿನ ಪಟ್ಟಿಗೂ ಕೆಳಗಿನ ಸ್ನಾಯುಗಳಿಗೂ ಬೀಳುತ್ತದೆ. ಮಾತ್ರೆ ನಿಲ್ಲಿಸಬೇಡಿ, ನೀರು ನಿಲ್ಲಿಸುವುದನ್ನು ನಿಲ್ಲಿಸಿ. ಬಿಸಿನೀರೇ ಆಗಲಿ, ಸಾರೇ ಆಗಲಿ, ಚೆನ್ನಾಗಿ ಕುಡಿಯಿರಿ. ಸೊಪ್ಪು, ಹಣ್ಣು ತಿನ್ನಿ. ಕಮೋಡ್ ಬಳಸುವವರು ಕಾಲ ಕೆಳಗೆ ಒಂದು ಚಿಕ್ಕ ಸ್ಟೂಲ್ ಇಟ್ಟುಕೊಂಡರೆ ಮುಕ್ಕುವುದು ಕಡಿಮೆಯಾಗುತ್ತದೆ.

ಉಸಿರಿನಿಂದ ಶುರು

ನಾರ್ಮಲ್ ಡೆಲಿವರಿ ಆಗಿ ತೊಂದರೆ ಏನೂ ಇಲ್ಲದವರು ಇದನ್ನು ಕೆಲವೇ ದಿನಗಳಲ್ಲಿ ಶುರು ಮಾಡಬಹುದು. ಸಿಸೇರಿಯನ್ ಆದವರು ನೋವಿಲ್ಲದಷ್ಟು ಮಟ್ಟಿಗೆ, ಡಾಕ್ಟರನ್ನು ಕೇಳಿಕೊಂಡು.

ಮಂಡಿ ಮಡಚಿ ಅಂಗಾತ ಮಲಗಿ. ಒಂದು ಕೈ ಪಕ್ಕೆಯ ಮೇಲೆ, ಇನ್ನೊಂದು ಕಿಬ್ಬೊಟ್ಟೆಯ ಮೇಲೆ. ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಪಕ್ಕೆಗಳು ಅಗಲವಾಗಲಿ, ಹೊಟ್ಟೆ ಮೆಲ್ಲಗೆ ಏಳಲಿ, ಭುಜ ಏಳಬಾರದು. ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತಾ, ಮೂತ್ರವನ್ನೂ ಹೂಸನ್ನೂ ಒಟ್ಟಿಗೆ ತಡೆಹಿಡಿಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎತ್ತಿಕೊಳ್ಳಿ. ಅದರ ಜೊತೆಯಲ್ಲೇ ಕಿಬ್ಬೊಟ್ಟೆ ತಾನಾಗಿ ಸ್ವಲ್ಪ ಒಳಗೆ ಸರಿಯುತ್ತದೆ. ಸೊಂಟದ ಮೂಳೆಯ ಒಳಬದಿಗೆ ಬೆರಳಿಟ್ಟರೆ ಅಲ್ಲಿ ಮೆಲ್ಲಗೆ ಬಿಗಿಯಾಗುವುದು ಗೊತ್ತಾಗುತ್ತದೆ. ಅದೇ ಆಳದ ಸ್ನಾಯು, ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಐದು ಸೆಕೆಂಡ್ ಹಿಡಿದು ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮದ ಭಾಗವೇ, ಅರ್ಧಕ್ಕೆ ಬಿಟ್ಟು ಮುಂದಿನದಕ್ಕೆ ಹೋಗಬೇಡಿ. ಎಂಟು ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಮಗುವಿಗೆ ಹಾಲು ಕೊಡುತ್ತಾ ಕೂತಲ್ಲೇ ಮಾಡಬಹುದು.

ಎಲ್ಲರೂ ಎಡವುವ ಜಾಗ ಒಂದಿದೆ: ಹೊಟ್ಟೆಯನ್ನು ಜೋರಾಗಿ ಬೆನ್ನಿಗೆ ಅಂಟಿಸುವ ಹಾಗೆ ಎಳೆದುಕೊಂಡು ಉಸಿರು ಬಿಗಿಹಿಡಿಯುವುದು. ಶಕ್ತಿಯ ಮೂರನೇ ಒಂದು ಪಾಲು ಹಾಕಿದರೆ ಸಾಕು. ಮಾಡುತ್ತಾ ಮಾತಾಡಲು ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಸರಿಯಾಗಿ ಮಾಡುತ್ತಿದ್ದೀರಿ.

ಕೈಕಾಲು ಸೇರಿಸುವುದು

ಮೇಲಿನದು ಯೋಚನೆ ಮಾಡದೇ ಬರುವ ಹಾಗಾದ ಮೇಲೆ ಮುಂದಕ್ಕೆ. ಅದೇ ರೀತಿ ಮಲಗಿ, ಉಸಿರು ಬಿಡುತ್ತಾ ಒಳಗಿನ ಸ್ನಾಯು ಬಿಗಿ ಮಾಡಿ, ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುತ್ತಾ ಕಾಲು ಚಾಚಿ, ಉಸಿರು ತೆಗೆದುಕೊಳ್ಳುತ್ತಾ ವಾಪಸ್ ತನ್ನಿ. ಸೊಂಟ ಅಲ್ಲಾಡಬಾರದು. ಮೊಸಾಯಿಕ್ ಅಥವಾ ಟೈಲ್ಸ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಮಾಡಿದರೆ ಸಲೀಸು. ಇನ್ನೊಂದು, ಒಂದು ಮಂಡಿಯನ್ನು ಬಾಗಿಲು ತೆರೆದ ಹಾಗೆ ಮೆಲ್ಲಗೆ ಹೊರಗೆ ಬಾಗಿಸಿ ಮತ್ತೆ ನೇರಕ್ಕೆ ತರುವುದು. ಮೂರನೆಯದು ಬ್ರಿಡ್ಜ್: ಪಾದ ಊರಿ, ಉಸಿರು ಬಿಡುತ್ತಾ ಪೃಷ್ಠ ಎತ್ತಿ, ಒಂದೆರಡು ಸೆಕೆಂಡ್ ನಿಂತು, ಇಳಿಸುವುದು. ಪ್ರತಿಯೊಂದೂ ಹತ್ತು ಸಲ, ಎರಡು ಸುತ್ತು. ಇವು ತೀರಾ ಸುಲಭ ಅನ್ನಿಸಿದರೆ ಒಳ್ಳೆಯದೇ.

ಪ್ರತಿ ವ್ಯಾಯಾಮದಲ್ಲೂ ಹೊಟ್ಟೆಯ ನಡುವೆ ಕಣ್ಣಿಡಿ. ದಿಬ್ಬ ಎದ್ದರೆ, ಉಸಿರು ಬಿಗಿಹಿಡಿದರೆ, ಮೂತ್ರ ಸೋರಿದರೆ, ಕೆಳಗೆ ಭಾರ ಅನ್ನಿಸಿದರೆ, ಆ ವ್ಯಾಯಾಮ ನಿಮಗೆ ಇವತ್ತಿಗೆ ಜಾಸ್ತಿಯಾಯಿತು ಎಂದರ್ಥ. ಒಂದು ಮೆಟ್ಟಿಲು ಕೆಳಗಿಳಿದು ಮಾಡಿ. ಜೀವನಪೂರ್ತಿ ಬಿಡಬೇಕಾಗಿಲ್ಲ.

ನಿಂತು, ಭಾರ ಎತ್ತಿ

ಹೆಚ್ಚಿನವರು ಮಲಗಿ ಮಾಡುವ ವ್ಯಾಯಾಮಕ್ಕೇ ನಿಂತುಬಿಡುತ್ತಾರೆ, ಅಲ್ಲೇ ತಿಂಗಳುಗಟ್ಟಲೆ ಸುತ್ತುತ್ತಾರೆ. ಆದರೆ ನಾರಿನ ಪಟ್ಟಿ ಬಲವಾಗುವುದು ಅದರ ಮೇಲೆ ಹದವಾಗಿ ಭಾರ ಬಿದ್ದರೆ ಮಾತ್ರ. ಸುಮಾರು ಎಂಟರಿಂದ ಹನ್ನೆರಡು ವಾರ ಆಗಿ, ಮೇಲಿನವೆಲ್ಲ ಸಲೀಸಾಗಿ ಬರುತ್ತಿದ್ದರೆ, ಏಳಿ. ಗೋಡೆಗೆ ಕೈ ಊರಿ ದಂಡ ಹೊಡೆಯಿರಿ. ಕುರ್ಚಿಯಿಂದ ಕೈ ಊರದೇ ಎದ್ದು ಕೂರಿ, ಏಳುವಾಗ ಉಸಿರು ಬಿಡಿ. ಅಂಬೆಗಾಲಿನಲ್ಲಿ ನಿಂತು ಎದುರು ಬದುರಿನ ಕೈ ಮತ್ತು ಕಾಲನ್ನು ಒಟ್ಟಿಗೆ ಚಾಚಿ. ಮಲಗಿ ಎರಡೂ ಕಾಲು ಗಾಳಿಯಲ್ಲಿ ಮಡಚಿಟ್ಟು ಒಂದೊಂದೇ ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಿ ಬರುವುದು ಇನ್ನೂ ಸ್ವಲ್ಪ ಕಷ್ಟದ್ದು. ಆಮೇಲೆ ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಇದೇ ಕುರ್ಚಿ ವ್ಯಾಯಾಮ, ನಂತರ ಎರಡು ಲೀಟರ್, ಹೀಗೆ ಏರಿಸುತ್ತಾ ಹೋಗಿ. ವಾರಕ್ಕೆ ಮೂರು ದಿನ ಮಾಡಿದರೆ ಸಾಕು.

ಸಿಟಪ್, ಕ್ರಂಚ್ ಮಾಡಲೇಬಾರದಾ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಮಾಡಲೇಬೇಡಿ ಎನ್ನುತ್ತಿದ್ದರು. ನಾರ್ವೆಯಲ್ಲೇ ನಡೆದ, 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅಂತರ ಇರುವ ಹೆಂಗಸರಿಗೆ ಹನ್ನೆರಡು ವಾರ ತಲೆ ಭುಜ ಎತ್ತುವ ವ್ಯಾಯಾಮವನ್ನು ಕ್ರಮವಾಗಿ ಮಾಡಿಸಿದರು. ಅಂತರ ಹೆಚ್ಚಾಗಲಿಲ್ಲ, ಹೊಟ್ಟೆಯ ಶಕ್ತಿ ಹೆಚ್ಚಿತು. ಹಾಗೆಂದು ಮೊದಲ ತಿಂಗಳೇ ನೂರು ಸಿಟಪ್ ಹೊಡೆಯಬೇಡಿ. ದಿಬ್ಬ ಏಳದ ಹಾಗೆ ತಲೆ ಎತ್ತಲು ಬರುವವರು ಅದನ್ನು ಸೇರಿಸಿಕೊಳ್ಳಬಹುದು, ಹೆದರಿಕೆ ಬೇಡ ಎಂಬುದಷ್ಟೇ ನನ್ನ ಮಾತು.

ಮನೆಗೆಲಸದ ಭಾರ

ದಿನಕ್ಕೆ ಹದಿನೈದು ನಿಮಿಷ ವ್ಯಾಯಾಮ ಮಾಡಿ ಉಳಿದ ಹೊತ್ತೆಲ್ಲ ಉಸಿರು ಬಿಗಿಹಿಡಿದು ಬಕೆಟ್ ಎತ್ತಿದರೆ ಏನು ಪ್ರಯೋಜನ? ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಹತ್ತಿರಕ್ಕೆ ಹೋಗಿ, ಮಂಡಿ ಬಗ್ಗಿಸಿ, ಉಸಿರು ಬಿಡುತ್ತಾ ಎದೆಗೆ ಒತ್ತಿಕೊಂಡು ಎತ್ತಿ. ನೆಲದ ಮೇಲೆ ಕೂತವರು ಮೊದಲು ಮಂಡಿಯೂರಿ, ಒಂದು ಪಾದ ಮುಂದಿಟ್ಟು ಏಳಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಅಂದರೆ ಇಪ್ಪತ್ತು ಕಿಲೋ, ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ ಮೂವತ್ತು ಕಿಲೋ. ಮೊದಲ ಮೂರು ತಿಂಗಳು ಅವು ಮನೆಯ ಬೇರೆಯವರ ಪಾಲಿಗೆ. ಗಂಡ ಊರಿನಲ್ಲಿಲ್ಲದಿದ್ದರೆ ಕ್ಯಾನ್ ತರುವ ಹುಡುಗನಿಗೇ ಮಗುಚಿಟ್ಟು ಹೋಗಲು ಹೇಳಿ, ಅಥವಾ ಚೊಂಬಿನಲ್ಲಿ ಅಷ್ಟಷ್ಟೇ ತೆಗೆದುಕೊಳ್ಳಲು ಅನುಕೂಲವಾಗುವ ಹಾಗೆ ಎತ್ತರದಲ್ಲಿ ಇರಿಸಿಕೊಳ್ಳಿ. ಹೊಲದಲ್ಲಿ, ಗಾರ್ಮೆಂಟ್ಸ್‌ನಲ್ಲಿ ಬೇಗ ಕೆಲಸಕ್ಕೆ ಹೋಗಲೇಬೇಕಾದವರಿಗೆ ವಿಶ್ರಾಂತಿ ತಗೊಳ್ಳಿ ಎಂದು ಹೇಳುವುದು ಸುಲಭ. ಅವರಿಗೆ ಒಂದೇ ಒಂದು ಹೇಳಬೇಕೆಂದರೆ, ಎತ್ತುವ ಗಳಿಗೆಯಲ್ಲಿ ಉಸಿರು ಬಿಡಿ.

ಫಿಸಿಯೋಥೆರಪಿಸ್ಟ್ ಹತ್ತಿರ ಯಾವಾಗ, ಹೇಗೆ

ಎಂಟು ವಾರ ಕಳೆದರೂ ಅಂತರ ಎದ್ದು ಕಾಣುತ್ತಿದ್ದರೆ ಹೋಗಿ. ಫ್ರಾನ್ಸಿನಲ್ಲಿ ಹೆರಿಗೆಯಾದವರಿಗೆ ಪೆಲ್ವಿಕ್ ಫ್ಲೋರ್ ಸೆಷನ್‌ಗಳನ್ನು ಬರೆದುಕೊಡುತ್ತಾರೆ, ಖರ್ಚು ಸರ್ಕಾರಿ ವಿಮೆಯದು. ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇರುತ್ತವೆ, ಫಿಸಿಯೋ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಬಾಯಿಬಿಟ್ಟು ಕೇಳಬೇಕು. ಆರನೇ ವಾರದ ಚೆಕಪ್‌ನಲ್ಲಿ "ಹೊಟ್ಟೆಯ ಸ್ನಾಯು ಬಿಟ್ಟಿದೆಯಾ ನೋಡಿ, ಫಿಸಿಯೋಗೆ ಬರೆದುಕೊಡಿ" ಎಂದು ಕೇಳಿ. ಊರಿನಲ್ಲಿ ಇರುವವರು, ಆಶಾ ಕಾರ್ಯಕರ್ತೆ 42ನೇ ದಿನದವರೆಗೂ ಮಗುವನ್ನು ನೋಡಲು ಮನೆಗೆ ಬರುತ್ತಾರಲ್ಲ, ಅವರನ್ನೇ ಹತ್ತಿರದಲ್ಲಿ ಎಲ್ಲಿದೆ ಎಂದು ಕೇಳಬಹುದು. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇರುತ್ತದೆ. ಹೆಂಗಸರ ಆರೋಗ್ಯದ ಬಗ್ಗೆ ತರಬೇತಿ ಇರುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಒಳ್ಳೆಯ ಫಿಸಿಯೋ ಮೊದಲ ದಿನ ಏನು ಮಾಡುತ್ತಾರೆ? ಹೆರಿಗೆಯ ಕಥೆ ಕೇಳುತ್ತಾರೆ, ಅಂತರ ಅಳೆಯುತ್ತಾರೆ, ನೀವು ಉಸಿರಾಡುವುದನ್ನು, ನಿಲ್ಲುವುದನ್ನು, ಮಗು ಎತ್ತುವುದನ್ನು ನೋಡುತ್ತಾರೆ, ಮೂತ್ರದ ವಿಷಯವನ್ನೂ ಕೇಳುತ್ತಾರೆ. ಬಂದ ಕೂಡಲೇ ಮಲಗಿಸಿ ಮೆಷಿನ್ ಅಂಟಿಸಿ ಇಪ್ಪತ್ತು ನಿಮಿಷ ಬಿಟ್ಟುಹೋಗುವವರಾದರೆ ಬೇರೆ ಕಡೆ ನೋಡಿ. ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ಈ ಉದ್ದನೆಯ ಸ್ನಾಯುಗಳನ್ನು ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ. ಆದರೆ ಅದರ ಮೇಲಿನ ಪದರವನ್ನು ಕೊಯ್ದು ಹೊಲಿದಿರುತ್ತಾರೆ. ಗಾಯ ಪೂರ್ತಿ ಮಾಗಿದ ಮೇಲೆ ಆ ಗುರುತಿನ ಸುತ್ತ ಬೆರಳಿನಿಂದ ಮೆಲ್ಲಗೆ ಹೇಗೆ ಸರಿಸಬೇಕು ಎಂದು ಅವರೇ ಹೇಳಿಕೊಡುತ್ತಾರೆ, ಕೇಳಿ ಕಲಿತುಕೊಳ್ಳಿ.

ಫಲ ಕಾಣಲು ಮೂರು ತಿಂಗಳಾದರೂ ಬೇಕು. ಪ್ರತಿದಿನ ಬೆರಳಿಟ್ಟು ಅಳೆಯಬೇಡಿ, ತಿಂಗಳಿಗೊಮ್ಮೆ ಸಾಕು. ಅಂತರ ಅಷ್ಟೇ ಇದ್ದರೂ ಬೆರಳಿನ ಅಡಿಯಲ್ಲಿ ಬಿಗಿ ಬಂದಿದೆಯಾ, ಮಗು ಎತ್ತಿದಾಗ ದಿಬ್ಬ ಏಳುವುದು ನಿಂತಿದೆಯಾ, ಸಂಜೆ ಹೊತ್ತಿಗೆ ಹೊಟ್ಟೆ ಮುಂದೆ ಬರುವುದು ಕಡಿಮೆಯಾಗಿದೆಯಾ, ಇದನ್ನು ಬರೆದಿಡಿ. ಮೊದಲ ಮಗುವಿಗೆ ನಾಲ್ಕೈದು ವರ್ಷವಾದ ಮೇಲೆ ಶುರು ಮಾಡಿದರೂ ಸ್ನಾಯು ಬಲವಾಗುತ್ತದೆ, ತಡವಾಯಿತು ಎಂದೇನಿಲ್ಲ.

ಆಪರೇಷನ್ ಕೂಡ ಇದೆ, ಎರಡು ಸ್ನಾಯುಗಳನ್ನು ಹತ್ತಿರ ತಂದು ಹೊಲಿಯುತ್ತಾರೆ. ವರ್ಷವಾದರೂ ಸರಿಯಾಗಿ ವ್ಯಾಯಾಮ ಮಾಡಿ, ಆಗಲೂ ಓಡಾಟಕ್ಕೆ ತೊಂದರೆ ಇದ್ದರೆ ಅಥವಾ ಜೊತೆಗೆ ಹರ್ನಿಯಾ ಇದ್ದರೆ ಮಾತ್ರ ಅದರ ಮಾತು. ಇನ್ನೊಂದು ಮಗು ಬೇಕು ಎನ್ನುವವರು ಆಪರೇಷನ್ ಅನ್ನು ಮುಂದಕ್ಕೆ ಹಾಕುವುದು ವಾಸಿ, ಯಾಕೆಂದರೆ ಮುಂದಿನ ಬಸುರಿನಲ್ಲಿ ಹೊಟ್ಟೆ ಮತ್ತೆ ಹಿಗ್ಗುತ್ತದೆ. ವ್ಯಾಯಾಮವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮತ್ತೆ ಬಸುರಿಯಾದರೆ ಡಾಕ್ಟರನ್ನು ಕೇಳಿಕೊಂಡು ಉಸಿರಿನ ವ್ಯಾಯಾಮವನ್ನೂ ಮಗ್ಗುಲಿಗೆ ಹೊರಳಿ ಏಳುವುದನ್ನೂ ಆಗಲೇ ಶುರು ಮಾಡಿಕೊಳ್ಳಿ.